ಪಿಸ್ತೂಲಿನ ಮೊದಲ ಪಾಠ

ಗೃಹಸ್ಥರ ಮನೆಯಲ್ಲಿ ಹಿರಿಯರೂ ಕಿರಿಯರೂ ಓದತಕ್ಕ ಮಾಸಪತ್ರಿಕೆಯಲ್ಲಿ ಪಿಸ್ತೂಲಿನ ಪ್ರಸ್ತಾಪವೇತಕ್ಕೆ ಎಂದು ವಾಚಕರು ಹುಬ್ಬೇರಿಸಬಹುದು. ಮೂವತ್ತೈದು ವರ್ಷಗಳ ಕಾಲ ಹುಡುಗರಿಗೆ ರಾಮಶಬ್ದವನ್ನೂ ಸಂಧಿಕಾರ್ಯವನ್ನೂ ಹೇಳಿಕೊಟ್ಟು ನಿವೃತ್ತರಾದ ನಮ್ಮಂಥವರಿಗೂ ಆ ಆಯುಧಕ್ಕೂ ಏನು ಸಂಬಂಧವೆಂದು ನಮ್ಮ ಮನೆಯಾಕೆಯೇ ಕೇಳಿದ್ದುಂಟು. ಸಂಬಂಧವಿದೆ. ಅದು ಪದಕದ ಆಸೆಯಿಂದ ಹುಟ್ಟಿದುದಲ್ಲ, ಭಯದಿಂದ ಹುಟ್ಟಿದುದು. ಭಯವು ಹೇಗೆ ಪಾಠವಾಯಿತೆಂಬುದನ್ನು ಅನುಕ್ರಮವಾಗಿ ನಿವೇದಿಸುವೆವು.

೨೦೨೪ನೆಯ ಇಸವಿಯ ಜುಲೈ ತಿಂಗಳ ಕಡೆಯ ವಾರದಲ್ಲಿ ಪ್ಯಾರಿಸ್ ನಗರದ ಒಲಿಂಪಿಕ್ ಪಂದ್ಯಗಳನ್ನು ನಾವು ಮನೆಮಂದಿಯೆಲ್ಲ ದೂರದರ್ಶನದಲ್ಲಿ ನೋಡುತ್ತಿದ್ದೆವು. ಹರಿಯಾಣದ ಮನು ಭಾಕರ್ ಎಂಬ ೨೨ ವರ್ಷದ ತರುಣಿಯು ೧೦ ಮೀಟರು ದೂರದ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಪಡೆದಳು. ಎರಡು ದಿನಗಳು ಕಳೆಯುವಷ್ಟರಲ್ಲಿ ಸರಬ್‌ಜೋತ್ ಸಿಂಗನೊಡನೆ ಮಿಶ್ರ ತಂಡದ ಸ್ಪರ್ಧೆಯಲ್ಲಿ ಇನ್ನೊಂದನ್ನು ಪಡೆದಳು. ಒಲಿಂಪಿಕ್ ಪಂದ್ಯದ ಗುರಿ ಹೊಡೆಯುವ ವಿದ್ಯೆಯಲ್ಲಿ ಭಾರತದ ಮಹಿಳೆಯೊಬ್ಬಳಿಗೆ ಪದಕ ಬಂದುದು ಅದೇ ಮೊದಲು. ನಮ್ಮ ಮಗಳ ಮಗಳು, ಆಗ ಹತ್ತು ವರ್ಷದವಳು, ತಟ್ಟೆಯ ಅನ್ನವನ್ನು ಮರೆತು ನೋಡುತ್ತಿದ್ದವಳು, ಕೈತೊಳೆಯುವ ಮೊದಲೇ “ತಾತ, ನಾನೂ ಅದನ್ನು ಕಲಿಯಬೇಕು” ಎಂದಳು.

ನಾವು “ಕೂಡದು” ಎಂದೆವು. ಅಷ್ಟು ಕಠಿನವಾಗಿ ಆ ಮಗುವಿಗೆ ನಾವು ಹಿಂದೆಂದೂ ಹೇಳಿದವರಲ್ಲ. ಅವಳು ಅಳಲಿಲ್ಲ, “ಯಾಕೆ?” ಎಂದು ಮಾತ್ರ ಕೇಳಿದಳು. ಕಾರಣವನ್ನು ಅಂದು ನಾವು ಹೇಳಲಿಲ್ಲ. ಇಂದು ಹೇಳುವೆವು.

ಅದು ೧೯೯೪ನೆಯ ವರ್ಷ. ನಾವು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ವಾರ್ಷಿಕೋತ್ಸವಕ್ಕೆ ಹುಡುಗರಿಂದ ನಾಟಕವನ್ನು ಆಡಿಸುವುದು ನಮ್ಮ ಪಾಲಿಗೆ ಬಂದಿತ್ತು. ಸಿಪಾಯಿಯ ವೇಷದ ಹುಡುಗನಿಗೆ ಒಂದು ಕೋವಿ ಬೇಕಾಯಿತು. ತೋಟದಲ್ಲಿ ಕೋತಿಗಳನ್ನು ಓಡಿಸಲು ಊರಿನ ಒಬ್ಬರು ಇಟ್ಟುಕೊಂಡಿದ್ದ ಗಾಳಿಕೋವಿಯನ್ನು ಎರವಲು ತರಿಸಿದೆವು. ತಂದ ಆಳನ್ನು “ಬರಿದಾಗಿದೆಯಷ್ಟೆ?” ಎಂದು ಕೇಳಿದೆವು. “ಬರಿದೇ ಇದೆ, ಸ್ವಾಮಿ” ಎಂದನು. ನಾವು ನಂಬಿದೆವು. ಮಧ್ಯಾಹ್ನದ ಅಭ್ಯಾಸದಲ್ಲಿ ಸಿಪಾಯಿಯು ಕೋವಿಯನ್ನು ಎತ್ತಿ ಎದುರಿನವನ ಮುಖಕ್ಕೆ ಹಿಡಿದು ಒತ್ತಿದನು. ಸಣ್ಣದೊಂದು ಸದ್ದಾಯಿತು. ಎದುರಿಗಿದ್ದ ಹುಡುಗನು ಕೆನ್ನೆಯನ್ನು ಹಿಡಿದುಕೊಂಡು ಕುಳಿತುಬಿಟ್ಟನು. ಸೀಸದ ಗುಂಡು ಕಣ್ಣಿನ ಕೆಳಗೆ ಅರ್ಧ ಅಂಗುಲದಲ್ಲಿ ಚರ್ಮದೊಳಕ್ಕೆ ಹೊಕ್ಕಿದ್ದಿತು. ವೈದ್ಯರು ಅದನ್ನು ತೆಗೆದರು, ಕಣ್ಣು ಉಳಿಯಿತು, ಕಲೆಯೊಂದು ನಿಂತಿತು. ಹುಡುಗನ ತಾಯಿಯು ಬಂದು, “ದೇವರು ದೊಡ್ಡವನು, ಮೇಷ್ಟ್ರೇ” ಎಂದಳಲ್ಲದೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮ್ಮ ಮನಸ್ಸು ಸ್ವಲ್ಪ ಹಗುರವಾಗುತ್ತಿದ್ದಿತೋ ಏನೋ. ಆ ಕೋವಿಯನ್ನು ತೋಟದವರ ಮನೆಗೆ ನಾವೇ ಹೊತ್ತು ಮುಟ್ಟಿಸಿ, ಇನ್ನು ಈ ಜನ್ಮದಲ್ಲಿ ಇಂಥ ಪದಾರ್ಥವನ್ನು ಮುಟ್ಟುವುದಿಲ್ಲವೆಂದು ಸಂಕಲ್ಪ ಮಾಡಿಕೊಂಡೆವು.

ಆದರೆ ಮೊಮ್ಮಗಳ “ಯಾಕೆ” ಎಂಬ ಪ್ರಶ್ನೆಯು ಒಂದು ವರ್ಷವಾದರೂ ಹೋಗಲಿಲ್ಲ. ಅವಳ ತಾಯಿಯೂ ಒಂದು ದಿನ, “ಅಪ್ಪಾ, ಬೇಡವೆನ್ನುವುದಾದರೆ ಅದು ಏನೆಂದು ನೋಡಿ ಬೇಡವೆನ್ನಿ” ಎಂದಳು. ಪರೀಕ್ಷಿಸದೆ ಖಂಡಿಸಬಾರದೆಂದು ಹುಡುಗರಿಗೆ ಬೋಧಿಸಿದವರಿಗೆ ಈ ಮಾತು ತಾಗದೆ ಇರುವುದೆ? ಮೊದಲು ನಾವು ಕಲಿಯುವುದು, ಬಳಿಕ ಮಗುವಿನ ವಿಷಯವನ್ನು ನಿರ್ಧರಿಸುವುದು ಎಂದು ಗೊತ್ತುಮಾಡಿಕೊಂಡು, ನಮ್ಮ ಜಿಲ್ಲೆಯ ಮುಖ್ಯಪಟ್ಟಣದಲ್ಲಿರುವ ಒಂದು ಅಭ್ಯಾಸಶಾಲೆಗೆ ಸೇರಿದೆವು. ಅಲ್ಲಿನ ಶಿಕ್ಷಕನು ಮೂವತ್ತು ದಾಟದ ತರುಣ. ಅರುವತ್ತರ ಶಿಷ್ಯನನ್ನು ಕಂಡು ಅವನು ನಗಲಿಲ್ಲ. ಅದೇ ಅವನ ಮೊದಲ ಸದ್ಗುಣವೆಂದು ನಮಗೆ ತೋರಿತು.

ಮೊದಲನೆಯ ದಿನ ಒಂದು ಗಂಟೆಯ ಕಾಲ ಪಿಸ್ತೂಲು ನಮ್ಮ ಕೈಗೆ ಬರಲೇ ಇಲ್ಲ. ಮೇಜಿನ ಮೇಲೆ ಅದನ್ನಿಟ್ಟು ಅವನು ಅದರ ಲಕ್ಷಣಗಳನ್ನು ಹೇಳಿದನು. ಇದರಲ್ಲಿ ಸುಡುವ ಮದ್ದಿಲ್ಲ. ನಳಿಗೆಯ ಕೆಳಗಿರುವ ಸಣ್ಣ ಉರುಳೆಯಲ್ಲಿ ಗಾಳಿಯನ್ನು ಬಹಳವಾಗಿ ಒತ್ತಿ ತುಂಬಿರುವರು. ನಾವು ಸೈಕಲ್ ಚಕ್ರಕ್ಕೆ ತುಂಬುವ ಗಾಳಿಗಿಂತ ಹತ್ತಾರು ಪಾಲು ಹೆಚ್ಚಿನ ಒತ್ತಡ ಅದಕ್ಕೆ. ಒತ್ತಿದಾಗ ಆ ಗಾಳಿಯ ಒಂದು ಗುಟುಕು ಬಿಡುಗಡೆಯಾಗಿ, ೪.೫ ಮಿಲಿಮೀಟರು ದಪ್ಪದ, ಅರ್ಧ ಗ್ರಾಮಿನಷ್ಟು ತೂಕದ ಸೀಸದ ಗುಂಡನ್ನು ಸೆಕೆಂಡಿಗೆ ಸುಮಾರು ೧೫೦ ಮೀಟರು ವೇಗದಿಂದ ತಳ್ಳುವುದು. ಒಂದು ಸಲಕ್ಕೆ ಒಂದೇ ಗುಂಡು. ಸ್ಪರ್ಧೆಯ ನಿಯಮದಂತೆ ಪಿಸ್ತೂಲು ಒಂದೂವರೆ ಕಿಲೋಗ್ರಾಮನ್ನು ಮೀರಕೂಡದು. ಅದನ್ನು ಒಂದೇ ಕೈಯಲ್ಲಿ, ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲದೆ ಹಿಡಿಯತಕ್ಕದ್ದು. ಗುರಿಯ ನಡುವಿನ ಹತ್ತು ಅಂಕದ ವೃತ್ತಕ್ಕೆ ೧೧.೫ ಮಿಲಿಮೀಟರು ಅಗಲ. ಎಂದರೆ ಅಂಗಿಯ ಗುಂಡಿಯಷ್ಟು. ಸ್ಪರ್ಧೆಯಲ್ಲಿ ೬೦ ಗುಂಡುಗಳನ್ನು ೭೫ ನಿಮಿಷಗಳೊಳಗೆ ಹಾರಿಸಬೇಕು, ಪೂರ್ಣಾಂಕ ೬೦೦.

ಕಾನೂನಿನ ಮಾತನ್ನೂ ಅವನು ಮರೆಯಲಿಲ್ಲ. ಮದ್ದಿನಿಂದ ಸಿಡಿಯುವ ಪಿಸ್ತೂಲಿಗೆ ೧೯೫೯ರ ಆಯುಧ ಶಾಸನದಂತೆ ಸರಕಾರದ ಪರವಾನಗಿ ಅವಶ್ಯ. ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ದೊಡ್ಡ ಅಪರಾಧ. ೨೦೧೬ರ ಆಯುಧ ನಿಯಮಗಳು ಗಾಳಿಯ ಆಯುಧಗಳಿಗೂ ಮಿತಿಯನ್ನು ಹಾಕಿವೆ: ೦.೧೭೭ ಅಂಗುಲಕ್ಕಿಂತ ಹಿರಿದಾದ ನಳಿಗೆಯುಳ್ಳದ್ದಕ್ಕೂ, ೨೦ ಜೌಲಿಗಿಂತ ಹೆಚ್ಚಿನ ಶಕ್ತಿಯುಳ್ಳದ್ದಕ್ಕೂ ಪರವಾನಗಿ ಬೇಕು. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಆರು ಜೌಲಿನ ಆಸುಪಾಸಿನದು. ಆದಕಾರಣ ಅದು ಆ ಮಿತಿಯ ಒಳಗೆ ಇರುವುದು. “ಆದರೆ, ಮೇಷ್ಟ್ರೇ, ಪರವಾನಗಿ ಬೇಡ ಎಂದಮಾತ್ರಕ್ಕೆ ಇದು ಆಟಿಕೆಯಲ್ಲ. ಕಣ್ಣು ಹೋಗುವುದಕ್ಕೆ ಆರು ಜೌಲು ಧಾರಾಳವಾಗಿ ಸಾಕು” ಎಂದನು. ಅವನಿಗೆ ೧೯೯೪ರ ಕಥೆಯನ್ನು ನಾವಿನ್ನೂ ಹೇಳಿರಲಿಲ್ಲ.

ಆಮೇಲೆ ನಾಲ್ಕು ವಿಧಿಗಳನ್ನು ನಮ್ಮಿಂದ ಬಾಯಿಪಾಠ ಹೇಳಿಸಿದನು. ಅಮೆರಿಕದ ನೌಕಾಸೈನ್ಯಪಡೆಯಲ್ಲಿ ಅಧಿಕಾರಿಯಾಗಿದ್ದ ಜೆಫ್ ಕೂಪರ್ ಎಂಬವರು ಕಳೆದ ಶತಮಾನದಲ್ಲಿ ಪ್ರಚಾರಪಡಿಸಿದ ಇವು ಈಗ ಲೋಕದ ಎಲ್ಲ ಕಡೆಯಲ್ಲಿಯೂ ಬಳಕೆಯಲ್ಲಿವೆ. ಒಂದು: ಪ್ರತಿಯೊಂದು ಆಯುಧವೂ ತುಂಬಿದೆಯೆಂದೇ ಭಾವಿಸತಕ್ಕದ್ದು. ಎರಡು: ಯಾವುದನ್ನು ನಾಶಮಾಡಲು ಮನಸ್ಸಿಲ್ಲವೋ ಅದರ ಕಡೆಗೆ ನಳಿಗೆಯ ಬಾಯನ್ನು ತಿರುಗಿಸಕೂಡದು. ಮೂರು: ಗುರಿಯಲ್ಲಿ ದೃಷ್ಟಿ ಕೂಡುವವರೆಗೆ ಬೆರಳನ್ನು ಕುದುರೆಯ ಮೇಲೆ ಇಡಕೂಡದು. (ಈಗಿನವರು ಟ್ರಿಗರ್ ಎನ್ನುವುದನ್ನು ನಮ್ಮ ಹಳ್ಳಿಯ ಹಳಬರು ಕುದುರೆಯೆಂದೇ ಕರೆಯುತ್ತಿದ್ದರು.) ನಾಲ್ಕು: ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ನಿಶ್ಚಯವಾಗಿ ತಿಳಿದಿರಬೇಕು. ಇವು ನಾಲ್ಕಾದರೂ ಒಂದಕ್ಕೊಂದು ಕಾವಲಾಗಿವೆ. ಒಂದು ತಪ್ಪಿದರೂ ಉಳಿದವು ಪ್ರಾಣವನ್ನು ಉಳಿಸುವುವು. ಎರಡು ಮೂರು ಒಟ್ಟಿಗೆ ತಪ್ಪಿದಾಗಲೇ ಅನರ್ಥವಾಗುವುದು. ನಮ್ಮ ನಾಟಕದ ದಿನ ನಾಲ್ಕೂ ತಪ್ಪಿದ್ದುವು.

ಇದಲ್ಲದೆ ಹೊಳೆಯುವ ಬಣ್ಣದ ಒಂದು ದಾರವುಂಟು. ಬಳಸದೆ ಇರುವಾಗ ಅದನ್ನು ನಳಿಗೆಯ ಈ ತುದಿಯಿಂದ ಆ ತುದಿಯವರೆಗೆ ತೂರಿಸಿ ಇಡಬೇಕು. ನಳಿಗೆಯಲ್ಲಿ ಗುಂಡು ಕುಳಿತಿದ್ದರೆ ದಾರವು ಹೊರಬಾರದು. ಎರಡು ತುದಿಗಳೂ ಕಂಡರೆ ಬರಿದೆಂದು ದೂರದಿಂದಲೇ ಎಲ್ಲರಿಗೂ ತಿಳಿಯುವುದು. ಅಭ್ಯಾಸಶಾಲೆಯಲ್ಲಿ ಅಧಿಕಾರಿಯು “ಸ್ಟಾಪ್” ಎಂದ ಕೂಡಲೆ ಒತ್ತಲು ಹೊರಟ ಬೆರಳೂ ನಿಲ್ಲಬೇಕು; “ಅನ್‌ಲೋಡ್” ಎಂದಾಗ ಬರಿದುಮಾಡಿ ದಾರ ತೂರಿಸಿ ಮೇಜಿನ ಮೇಲಿಟ್ಟು ಹಿಂದಕ್ಕೆ ಸರಿಯಬೇಕು. ಗುರಿಯ ಬಳಿ ಮನುಷ್ಯನಿರುವಾಗ ಯಾರೂ ಪಿಸ್ತೂಲನ್ನು ಮುಟ್ಟಕೂಡದು.

ಇಷ್ಟನ್ನೂ ಕಲಿತೆವು, ಒಪ್ಪಿಸಿದೆವು, ಪರೀಕ್ಷೆಯಲ್ಲಿ ತೇರ್ಗಡೆಯಾದೆವೆಂದು ಹಿಗ್ಗಿದೆವು. ಮೂರನೆಯ ವಾರದಲ್ಲಿ ನಡೆದುದನ್ನು ಬರೆಯಲು ಈಗಲೂ ಲೇಖನಿ ಹಿಂಜರಿಯುವುದು. ಪಿಸ್ತೂಲನ್ನು ಹಿಡಿದು ನಿಂತಿದ್ದಾಗ ಹಿಂದಿನಿಂದ ಯಾರೋ “ನಮಸ್ಕಾರ, ಮೇಷ್ಟ್ರೇ!” ಎಂದರು. ಹಳೆಯ ಶಿಷ್ಯನ ಧ್ವನಿ. ಮೂವತ್ತೈದು ವರ್ಷಗಳ ಅಭ್ಯಾಸಬಲದಿಂದ ದೇಹವು ತಾನಾಗಿಯೇ ತಿರುಗಿತು. ದೇಹದೊಡನೆ ಕೈಯೂ, ಕೈಯೊಡನೆ ಪಿಸ್ತೂಲೂ ತಿರುಗಿದುವು. ಅರ್ಧ ಸುತ್ತು ಆಗುವಷ್ಟರಲ್ಲಿ ಶಿಕ್ಷಕನು ನಮ್ಮ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಗುರಿಯ ಕಡೆಗೆ ಒತ್ತಿದನು. ನಮಗೆ ಅವಮಾನವಾಯಿತು. “ಬರಿದೇ ಇದೆಯಪ್ಪಾ” ಎಂದೆವು.

ಆ ಮಾತು ನಮ್ಮ ಬಾಯಿಂದ ಹೊರಟ ಮೇಲೆ ನಮ್ಮ ಕಿವಿಗೆ ಕೇಳಿಸಿತು. ಮೂವತ್ತು ವರ್ಷಗಳ ಹಿಂದೆ ಆ ಆಳು ಹೇಳಿದ ಮಾತೂ ಅದೇ. ಅಕ್ಷರ ಕೂಡ ವ್ಯತ್ಯಾಸವಿಲ್ಲ. ಅವನು ಸುಳ್ಳು ಹೇಳಿರಲಿಲ್ಲ, ನಂಬಿದ್ದನು. ನಾವೂ ಸುಳ್ಳು ಹೇಳಲಿಲ್ಲ, ನಂಬಿದ್ದೆವು. ಅಂದಿನಿಂದ ಕೋವಿಯನ್ನು ದೂಷಿಸುತ್ತಲೂ ಆ ಬಡ ಆಳನ್ನು ಮನಸ್ಸಿನಲ್ಲಿ ಶಪಿಸುತ್ತಲೂ ಇದ್ದ ನಮಗೆ, ಅಪರಾಧವು ಎಲ್ಲಿದ್ದಿತೆಂಬುದು ಆ ಕ್ಷಣದಲ್ಲಿ ಗೋಚರವಾಯಿತು. ತರ್ಕಶಾಸ್ತ್ರವನ್ನು ಓದಿದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳನ್ನು ನಾಲ್ಕು ಬಗೆಯಾಗಿ ಎಣಿಸುವರು. ಆಪ್ತನಾದವನ ಮಾತು ಶಬ್ದಪ್ರಮಾಣ. ಶಾಸ್ತ್ರದಲ್ಲಿ ಅದಕ್ಕೆ ಸ್ಥಾನವುಂಟು, ಸಂಸಾರದಲ್ಲಿಯೂ ಉಂಟು. ಆಯುಧದ ವಿಷಯದಲ್ಲಿ ಮಾತ್ರ ಅದಕ್ಕೆ ಸ್ಥಾನವಿಲ್ಲ. ಅಲ್ಲಿ ಪ್ರತ್ಯಕ್ಷವೊಂದೇ ಪ್ರಮಾಣ: ತೆರೆದು, ಕಣ್ಣಿನಿಂದ ಕಂಡು, ದಾರವನ್ನು ತೂರಿಸಿ ತಿಳಿಯಬೇಕು. ಕೊಟ್ಟವನು ತೋರಿಸಿಕೊಡಬೇಕು, ಕೊಂಡವನು ಮತ್ತೆ ನೋಡಿಕೊಳ್ಳಬೇಕು. ಹಾಗೆ ಕಂಡ ಮೇಲೆಯೂ ತುಂಬಿದೆಯೆಂಬಂತೆಯೇ ಹಿಡಿಯಬೇಕು. ಇದು ತಲೆಗೆ ತಿಳಿದರೆ ಸಾಲದು, ಮೈಗೆ ತಿಳಿಯಬೇಕು. ತಲೆಗೆ ಬಂದ ವಿದ್ಯೆಯು ಯಾರಾದರೂ ಕರೆದಾಗ ಮರೆತುಹೋಗುವುದೆಂದು ನಾವೇ ತೋರಿಸಿಕೊಟ್ಟೆವಲ್ಲ!

ಮುಂದಿನ ಎರಡು ವಾರ ಶಿಕ್ಷಕನು ನಮ್ಮನ್ನು ಬೇಕೆಂದೇ ಹಿಂದಿನಿಂದ ಕರೆಯುತ್ತಿದ್ದನು. ಕರೆದಾಗ ಮೊದಲು ಪಿಸ್ತೂಲನ್ನು ಮೇಜಿನ ಮೇಲಿಡುವುದು, ಕೈ ಬಿಡುವುದು, ಆಮೇಲೆ ತಿರುಗುವುದು. ನೂರು ಸಲ ಆದ ಮೇಲೆ ಮೈಗೆ ಬಂದಿತು.

ಇನ್ನು ಗುರಿಯ ವಿಚಾರ. ಇಲ್ಲಿಯೂ ನಮ್ಮ ಪಾಂಡಿತ್ಯಕ್ಕೆ ಒಂದು ಪೆಟ್ಟು ಬಿದ್ದಿತು. ದ್ರೋಣಾಚಾರ್ಯನ ಪರೀಕ್ಷೆಯಲ್ಲಿ ಅರ್ಜುನನು ಮರವನ್ನೂ ಕಾಣದೆ, ಜನರನ್ನೂ ಕಾಣದೆ, ಹಕ್ಕಿಯ ತಲೆಯೊಂದನ್ನೇ ಕಂಡನೆಂಬುದನ್ನು ನಾವು ಎಷ್ಟು ತರಗತಿಗಳಿಗೆ ಹೇಳಿದ್ದೇವೋ ಲೆಕ್ಕವಿಲ್ಲ. ಆ ಧೈರ್ಯದಿಂದಲೇ ನಾವು ಹತ್ತು ಮೀಟರು ದೂರದ ಕಪ್ಪು ಚುಕ್ಕೆಯನ್ನು ಎವೆಯಿಕ್ಕದೆ ನೋಡಿ ಹೊಡೆದೆವು. ಹತ್ತು ಗುಂಡುಗಳಲ್ಲಿ ಮೂರು ಕಾಗದಕ್ಕೇ ತಗುಲಲಿಲ್ಲ. “ಗುರಿಯನ್ನು ನೋಡಬೇಡಿ, ಮೇಷ್ಟ್ರೇ” ಎಂದನು ಶಿಕ್ಷಕ. ಗುರಿಯನ್ನು ನೋಡದೆ ಗುರಿ ಹೊಡೆಯುವುದೆಂತು?

ಪಿಸ್ತೂಲಿನ ಮೇಲೆ ಕಣ್ಣಿನ ಕಡೆಗೆ ಒಂದು ಕಚ್ಚು, ಬಾಯಿಯ ಕಡೆಗೆ ನಿಂತ ಒಂದು ಸಣ್ಣ ಹಲಗೆ ಇರುವುವು. ಇವನ್ನು ಹಿಂಗುರಿ, ಮುಂಗುರಿ ಎನ್ನೋಣ. ಕಚ್ಚಿನ ನಡುವೆ ಮುಂಗುರಿಯು ನಿಲ್ಲಬೇಕು. ಎರಡರ ತಲೆಯೂ ಸಮವಾಗಿರಬೇಕು. ಎರಡು ಪಕ್ಕದಲ್ಲಿಯೂ ಬೆಳಕಿನ ಗೆರೆ ಸಮನಾಗಿರಬೇಕು. ಈಗ ಗಣಿತವನ್ನು ನೋಡಿರಿ. ಎರಡು ಗುರಿಗಳ ನಡುವಿನ ಅಂತರ ಸುಮಾರು ೩೨ ಸೆಂಟಿಮೀಟರು. ಕೈಯೆಲ್ಲವೂ ನೆಟ್ಟಗೆ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ ಗುಂಡೂ ಒಂದು ಮಿಲಿಮೀಟರು ಮಾತ್ರ ಸರಿಯುವುದು. ಆದರೆ ಮಣಿಕಟ್ಟು ಓರೆಯಾಗಿ ಮುಂಗುರಿಯು ಕಚ್ಚಿನಲ್ಲಿ ಒಂದು ಮಿಲಿಮೀಟರು ತಪ್ಪಿದರೆ, ಹತ್ತು ಮೀಟರು ದೂರದಲ್ಲಿ ಗುಂಡು ಸುಮಾರು ೩೦ ಮಿಲಿಮೀಟರು ತಪ್ಪುವುದು. ಗುರಿಯ ಕಪ್ಪು ಭಾಗದ ಅಗಲವೆಲ್ಲ ಸೇರಿ ೫೯.೫ ಮಿಲಿಮೀಟರು, ಎಂದರೆ ನಡುವಿಗೆ ಹೋಗಬೇಕಾದ ಗುಂಡು ಕಪ್ಪಿನ ಅಂಚಿಗೆ ಹೋಗುವುದು. ದೂರದ ವಸ್ತುವನ್ನೂ ಹತ್ತಿರದ ವಸ್ತುವನ್ನೂ ಕಣ್ಣು ಒಂದೇ ಸಲಕ್ಕೆ ಸ್ಫುಟವಾಗಿ ಕಾಣಲಾರದು. ಆದಕಾರಣ ಮುಂಗುರಿಯನ್ನು ಸ್ಫುಟವಾಗಿ ನೋಡಿ ಚುಕ್ಕೆಯನ್ನು ಮಸುಕಾಗಿ ಬಿಟ್ಟುಬಿಡಬೇಕು. ಆ ಮಸುಕಿನ ಕೆಳಗಿನ ಬಿಳಿಯಲ್ಲಿ ಕೈಯನ್ನು ನಿಲ್ಲಿಸಿಕೊಂಡರೆ, ಗುಂಡು ನಡುವಿಗೆ ಹೋಗುವಂತೆ ಹಿಂಗುರಿಯನ್ನು ತಿರುಪಿನಿಂದ ಹೊಂದಿಸಿರುವರು.

ನಮ್ಮ ವಯಸ್ಸಿನವರಿಗೆ ಇದರಲ್ಲಿ ಇನ್ನೊಂದು ತೊಡಕು. ಓದುವ ಕನ್ನಡಕಕ್ಕೆ ಪುಸ್ತಕ ಕಾಣುವುದು, ಚಾಚಿದ ಕೈಯಾಚೆಯ ಮುಂಗುರಿ ಕಾಣದು. ನೇತ್ರವೈದ್ಯರಲ್ಲಿ ಹೋಗಿ ಆ ದೂರಕ್ಕೆ ಹೊಂದುವ ಕನ್ನಡಕವನ್ನೇ ಬೇರೆಯಾಗಿ ಮಾಡಿಸಿದೆವು. ಅಲ್ಲದೆ ಅಭ್ಯಾಸದ ವೇಳೆಯಲ್ಲಿ ಯಾರೇ ಆಗಲಿ ಕಣ್ಣಿಗೆ ರಕ್ಷಣೆಯಿಲ್ಲದೆ ನಿಲ್ಲಬಾರದು. ಸೀಸದ ಚೂರು ಕೆಲವೊಮ್ಮೆ ಮರಳಿ ಸಿಡಿಯುವುದುಂಟು.

ಒತ್ತುವುದೂ ಒಂದು ವಿದ್ಯೆಯೇ. ಹೊಸಬರೆಲ್ಲರೂ “ಈಗ!” ಎಂದು ಮನಸ್ಸಿನಲ್ಲಿ ಹೇಳಿಕೊಂಡು ಬೆರಳನ್ನು ಸೆಳೆಯುವರು. ಆ ಸೆಳೆತಕ್ಕೆ ಮಣಿಕಟ್ಟೇ ಬಗ್ಗುವುದು. ಬೆರಳಿನ ಮೊದಲ ಗೆಣ್ಣಿನ ಮೆತ್ತೆಯಿಂದ ನೇರವಾಗಿ ಹಿಂದಕ್ಕೆ, ನಿಂಬೆಯ ಹಣ್ಣಿನ ರಸವನ್ನು ತೊಟ್ಟುತೊಟ್ಟಾಗಿ ಹಿಂಡುವಂತೆ, ಒತ್ತಡವನ್ನು ಏರಿಸುತ್ತ ಹೋಗಬೇಕು. ಯಾವ ಕ್ಷಣದಲ್ಲಿ ಗುಂಡು ಹೊರಟಿತೆಂಬುದು ನಮಗೇ ಆಶ್ಚರ್ಯವಾಗಬೇಕು. ಹೊರಟ ಮೇಲೆಯೂ ಒಂದೆರಡು ಸೆಕೆಂಡು ಕೈಯನ್ನೂ ಕಣ್ಣನ್ನೂ ಹಾಗೆಯೇ ನಿಲ್ಲಿಸಿರಬೇಕು. ಗುಂಡಿಲ್ಲದೆ ಬರಿ ಗೋಡೆಯ ಕಡೆಗೆ ಹಿಡಿದು ಇದನ್ನೇ ಸಾವಿರ ಸಲ ಮಾಡಿಸುವರು. ಅಕ್ಷರ ಕಲಿಯುವ ಮಗು ಮರಳಿನ ಮೇಲೆ ತಿದ್ದುವಂತೆ ಇದು ತಿದ್ದುವ ಪಾಠ.

ಇವೆಲ್ಲಕ್ಕಿಂತ ನಮಗೆ ಕಷ್ಟವಾದದ್ದು ಇನ್ನೊಂದು. ಕೈಯನ್ನು ಎತ್ತಿ ಎಂಟು ಹತ್ತು ಸೆಕೆಂಡುಗಳಲ್ಲಿ ಗುಂಡು ಹೊರಡದಿದ್ದರೆ ಉಸಿರು ಸಾಲದೆ ಕಣ್ಣು ಮಂಜಾಗುವುದು, ತೋಳು ನಡುಗುವುದು. ಆಗ ಒತ್ತದೆ ಕೈಯನ್ನು ಇಳಿಸಿಬಿಡಬೇಕು; ಉಸಿರಾಡಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಎತ್ತಿದ ಮೇಲೆ ಹೊಡೆದೇ ತೀರಬೇಕೆಂಬ ಹಠ ನಮಗೆ ಬಹಳ ದಿನ ಹೋಗಲಿಲ್ಲ. ಹೋದ ಮೇಲೆ ತಿಳಿಯಿತು: ಇಳಿಸುವುದನ್ನು ಅರಿತವನೇ ಎತ್ತುವುದಕ್ಕೆ ಅಧಿಕಾರಿ. ಮನೆಯಲ್ಲಿ ಕೋಪದ ಮಾತು ನಾಲಗೆಯ ತುದಿಗೆ ಬಂದಾಗಲೂ ಈ ಪಾಠವು ಒಂದೆರಡು ಸಲ ಉಪಯೋಗಕ್ಕೆ ಬಂದಿದೆಯೆಂದು ಮನೆಯಾಕೆಯೇ ಒಪ್ಪಿರುವಳು.

ಆಯುಧದ ಆರೈಕೆಯನ್ನು ಕುರಿತು ಎರಡು ಮಾತು. ಇದೇ ಮನು ಭಾಕರಳು ೨೦೨೧ರ ಜುಲೈ ೨೫ರಂದು ಟೋಕಿಯೋ ಒಲಿಂಪಿಕ್ಕಿನ ಅರ್ಹತೆಯ ಸುತ್ತಿನಲ್ಲಿದ್ದಾಗ ಪಿಸ್ತೂಲು ನಡುವೆ ಕೆಟ್ಟಿತು. ಅದನ್ನು ಸರಿಪಡಿಸಿಕೊಂಡು ಬರುವುದರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುವು. ಅವಸರದಲ್ಲಿ ಉಳಿದ ಗುಂಡುಗಳನ್ನು ಹಾರಿಸಿ ೫೭೫ ಅಂಕಗಳನ್ನು ಗಳಿಸಿ, ಅವಳು ಹನ್ನೆರಡನೆಯವಳಾದಳು. ಎರಡು ಅಂಕಗಳಿಂದ ಅಂತಿಮ ಸುತ್ತು ತಪ್ಪಿತು. ಇದರಲ್ಲಿ ಆಕೆಯ ತಪ್ಪನ್ನು ಎಣಿಸುವುದು ನಮ್ಮ ಉದ್ದೇಶವಲ್ಲ. ಅಷ್ಟು ಜೋಪಾನದಲ್ಲಿದ್ದ ಯಂತ್ರವೂ ಕೈಕೊಡಬಹುದಾದರೆ, ಹೊಸಬರ ಉದಾಸೀನಕ್ಕೆ ಅದು ಏನಾದೀತೆಂಬುದನ್ನು ಯೋಚಿಸಬೇಕು. ಮೂರು ವರ್ಷಗಳ ಬಳಿಕ ಪ್ಯಾರಿಸಿನಲ್ಲಿ ಅವಳು ಮರಳಿ ನಿಂತು ಗೆದ್ದುದು ಮೇಲೆಯೇ ಹೇಳಿದೆ.

ಅಭ್ಯಾಸವು ಮುಗಿದ ಕೂಡಲೆ ಬರಿದಾಗಿರುವುದನ್ನು ಕಣ್ಣಾರೆ ಕಾಣುವುದು ಮೊದಲನೆಯ ಆರೈಕೆ. ಆಮೇಲೆ ಒಣಗಿದ ಮೃದುವಾದ ಬಟ್ಟೆಯಿಂದ ಬೆವರನ್ನು ಒರೆಸಬೇಕು. ಬೆವರಿನ ಉಪ್ಪು ಉಕ್ಕನ್ನು ತಿನ್ನುವುದು. ನಳಿಗೆಯೊಳಗೆ ಉಣ್ಣೆಯ ಸಣ್ಣ ಬಿರಡೆಗಳನ್ನು ತೂರಿಸಿ ಸೀಸದ ಕಸವನ್ನು ತೆಗೆಯಬೇಕು. ಅಡಿಗೆಯ ಎಣ್ಣೆ, ಹೊಲಿಗೆಯ ಯಂತ್ರದ ಎಣ್ಣೆ ಎಂದು ಕೈಗೆ ಸಿಕ್ಕಿದ್ದನ್ನು ಹಾಕಕೂಡದು. ಒತ್ತಿದ ಗಾಳಿಯಿರುವ ಎಡೆಯಲ್ಲಿ ಸಲ್ಲದ ಎಣ್ಣೆಯು ಅಪಾಯಕರ. ಗಾಳಿಯ ಉರುಳೆಯ ಮೇಲೆ ತಯಾರಕರು ಕಾಲಾವಧಿಯನ್ನು ಮುದ್ರಿಸಿರುವರು. ಅದು ಮೀರಿದ ಉರುಳೆಯನ್ನು ತುಂಬಬಾರದು, ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ಬಿಡಲೂಬಾರದು. ನಮ್ಮ ಮಲೆನಾಡಿನಂಥ ಕಡೆ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವವನ್ನು ಹೀರುವ ಹರಳಿನ ಪೊಟ್ಟಣವನ್ನು ಇಡುವುದು ಲೇಸು. ಬಿಚ್ಚಿ ರಿಪೇರಿ ಮಾಡುವ ಸಾಹಸವು ನಮ್ಮದಲ್ಲ. ಅದು ಬಲ್ಲವನ ಕೆಲಸ.

ಸೀಸವು ವಿಷವೆಂಬುದನ್ನು ಗೃಹಿಣಿಯರು ವಿಶೇಷವಾಗಿ ಗಮನಿಸತಕ್ಕದ್ದು. ಗುಂಡುಗಳನ್ನು ಮುಟ್ಟಿದ ಕೈಯಿಂದ ತಿನ್ನಕೂಡದು. ಬಾಯಲ್ಲಿ ಗುಂಡನ್ನು ಇಟ್ಟುಕೊಳ್ಳುವುದಂತೂ ಎಂದಿಗೂ ಕೂಡದು. ಮನೆಗೆ ಬಂದೊಡನೆ ಸಾಬೂನಿನಿಂದ ಕೈ ತೊಳೆಯಬೇಕು. ಮಕ್ಕಳ ಮೈಗೆ ಸ್ವಲ್ಪ ಸೀಸವೂ ಕೇಡು. ಪಿಸ್ತೂಲೊಂದು ಕಡೆ, ಗುಂಡಿನ ಡಬ್ಬಿಯೊಂದು ಕಡೆ, ಎರಡಕ್ಕೂ ಬೀಗ, ಬೀಗದ ಕೈ ದೊಡ್ಡವರಲ್ಲಿ. ಮನೆಯಲ್ಲಿ ಇಡುವುದಾದರೆ ಇದೇ ಕ್ರಮ. ಆಯುಧವಿಲ್ಲದ ಮನೆಯವರೂ ತಮ್ಮ ಮಕ್ಕಳಿಗೆ ಒಂದನ್ನು ಕಲಿಸಬೇಕು: ಎಲ್ಲಿಯಾದರೂ ಕೋವಿ, ಪಿಸ್ತೂಲು ಕಂಡರೆ ಮುಟ್ಟಬಾರದು, ಅಲ್ಲಿಂದ ದೂರ ಸರಿಯಬೇಕು, ಹಿರಿಯರಿಗೆ ತಿಳಿಸಬೇಕು. ಆಟಿಕೆಯ ಪಿಸ್ತೂಲನ್ನು ಮುಖಕ್ಕೆ ಹಿಡಿದ ಮಗುವನ್ನು ಕಂಡು ನಗುವ ಹಿರಿಯರನ್ನು ನೋಡಿದರೆ ಈಗ ನಮಗೆ ಎದೆ ನಡುಗುವುದು.

ನಮ್ಮ ನಾಡಿಗೆ ಆಯುಧದ ಗೌರವ ಹೊಸದಲ್ಲ. ಮಹಾನವಮಿಯಲ್ಲಿ ಆಯುಧಪೂಜೆ ಮಾಡುವೆವು. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ಹೂವನ್ನಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನು ಆಡುವರು. ಬೆಂಗಳೂರಿನ ಪ್ರಕಾಶ ನಂಜಪ್ಪನವರು ೨೦೧೪ರಲ್ಲಿ ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಪಂದ್ಯಗಳಲ್ಲಿ ಇದೇ ಏರ್ ಪಿಸ್ತೂಲಿನಿಂದ ಬೆಳ್ಳಿಯ ಪದಕವನ್ನು ತಂದರು. ಪೂಜೆಯ ದಿನ ಕುಂಕುಮವನ್ನು ಇಡುವುದು ಸುಲಭ. ಉಳಿದ ದಿನಗಳಲ್ಲಿ ನಳಿಗೆಯ ಬಾಯಿ ಯಾವ ಕಡೆಗಿದೆಯೆಂದು ನೋಡುವುದೇ ನಿಜವಾದ ಪೂಜೆಯೆಂದು ಈಗ ನಮಗೆ ಅನಿಸುವುದು.

ವಯಸ್ಸಾದ ಮೇಲೆ ಕಲಿಕೆ ಹತ್ತುವುದೆ ಎಂದು ಕೆಲವರು ಕೇಳುವರು. ಹಂಗರಿ ದೇಶದ ಕಾರೋಯ್ ಟಕಾಚ್ ಎಂಬ ಸೈನಿಕನ ಬಲಗೈಯು ೧೯೩೮ರಲ್ಲಿ ಕೈಬಾಂಬು ಸಿಡಿದು ನಾಶವಾಯಿತು. ಅವನು ಆಗಲೇ ಹೆಸರಾದ ಗುರಿಕಾರ. ಅವನು ಹೊಡೆಯುತ್ತಿದ್ದುದು ಆ ಕೈಯಿಂದಲೇ. ಅವನು ಯಾರಿಗೂ ಹೇಳದೆ ಎಡಗೈಗೆ ಮೊದಲಿನಿಂದ ಪಾಠ ಹೇಳಿದನು. ೧೯೪೮ರ ಲಂಡನ್ ಒಲಿಂಪಿಕ್ಕಿನಲ್ಲಿಯೂ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಕಿನಲ್ಲಿಯೂ ೨೫ ಮೀಟರು ಕ್ಷಿಪ್ರ ಪಿಸ್ತೂಲು ಸ್ಪರ್ಧೆಯಲ್ಲಿ ಆ ಎಡಗೈಗೇ ಚಿನ್ನದ ಪದಕಗಳು ಬಂದುವು. ನಮಗೆ ಅಂಥ ಸಾಮರ್ಥ್ಯವಿಲ್ಲ. ಆರು ತಿಂಗಳ ಮೇಲೆ ನೂರಕ್ಕೆ ಎಪ್ಪತ್ತನ್ನು ಮುಟ್ಟಿದ್ದೇವೆ, ಅಷ್ಟೆ. ಆದರೆ ಅಭ್ಯಾಸವಾಗಿಹೋದ ಕೈಗೆ ಹೊಸ ಅಭ್ಯಾಸವನ್ನು ಕಲಿಸಬಹುದೆಂಬುದು ಅವನ ಕಥೆಯಿಂದ ನಮಗೆ ಧೈರ್ಯ ಕೊಟ್ಟಿತು.

ಹೋದ ತಿಂಗಳು ಮೊಮ್ಮಗಳನ್ನು ಅಭ್ಯಾಸಶಾಲೆಗೆ ಕರೆದುಕೊಂಡು ಹೋದೆವು. ಹೋಗುವ ಮುನ್ನ ೧೯೯೪ರ ಕಥೆಯನ್ನು ಅವಳಿಗೆ ಪೂರ್ತಿಯಾಗಿ ಹೇಳಿದೆವು. ನಮ್ಮ ತಪ್ಪನ್ನೂ ಮುಚ್ಚಲಿಲ್ಲ. ಅವಳು ಮಾತಿಲ್ಲದೆ ಕೇಳಿದಳು. ಶಿಕ್ಷಕನು ಅವಳಿಗೂ ಆ ನಾಲ್ಕು ವಿಧಿಗಳನ್ನು ಬಾಯಿಪಾಠ ಮಾಡಿಸಿದನು. ಮೂರನೆಯ ದಿನ, ಅವನ ಅನುಮತಿಯಿಂದ, ಪಿಸ್ತೂಲಿನ ಹಿಡಿಯು ಅವಳ ಕೈಗೆ ಹೊಂದುವುದೋ ಎಂದು ನೋಡುವುದಕ್ಕಾಗಿ ನಾವು ನಮ್ಮದನ್ನು ಮೇಜಿನ ಮೇಲೆ ಗುರಿಯ ಕಡೆಗೆ ಬಾಯಿ ಮಾಡಿ ಇಟ್ಟು, “ತೆಗೆದುಕೊ, ಮಗು. ಬರಿದಾಗಿದೆ” ಎಂದೆವು.

ಅವಳು ಕೈ ನೀಡಲಿಲ್ಲ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನಮ್ಮ ಮುಖವನ್ನು ನೋಡಿ, “ತಾತ, ತೆರೆದು ತೋರಿಸಿ” ಎಂದಳು.

ಮೂವತ್ತೈದು ವರ್ಷಗಳಲ್ಲಿ ಗುರುವಿನ ಮಾತನ್ನು ನಂಬದ ಶಿಷ್ಯರು ನಮಗೆ ಅನೇಕರು ದೊರೆತಿದ್ದಾರೆ. ಅವರಲ್ಲಿ ಯಾರ ಮೇಲೂ ನಮಗೆ ಇಷ್ಟು ಸಂತೋಷವಾಗಿರಲಿಲ್ಲ. ಪಿಸ್ತೂಲನ್ನು ತೆರೆದೆವು. ದಾರವನ್ನು ತೂರಿಸಿದೆವು. ಎರಡು ತುದಿಗಳನ್ನೂ ಅವಳು ನೋಡಿದಳು. ಆಮೇಲೆ ಕೈ ನೀಡಿದಳು.